ಒಂದೇ ಎಂಜಿನ್, ಮೂರು ತೋಟ: ಮೇನ್‌ಫ್ರೇಮಿನ ಸರದಿಯ ಕಥೆ

"ಮೇನ್‌ಫ್ರೇಮಾ? ಅದು ಇನ್ನೂ ಬದುಕಿದೆಯಾ?"

ನನ್ನ ಕೆಲಸ ಏನೆಂದು ಹೇಳಿದಾಗ ಬರುವ ಮೊದಲ ಪ್ರಶ್ನೆ ಇದು. ತಮಾಷೆ ಎಂದರೆ ಹೀಗೆ ಕೇಳುವವರಲ್ಲಿ ಕಂಪ್ಯೂಟರ್ ಓದಿದವರೇ ಜಾಸ್ತಿ. ಊರಿನಲ್ಲಿ, ಅಂದರೆ ನಮ್ಮ ಸುಂಟಿಕೊಪ್ಪದ ಕಡೆ, ಯಾರೂ ಹೀಗೆ ಕೇಳುವುದಿಲ್ಲ. 'ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ' ಅಂದರೆ ಸಾಕು, ಮುಂದಿನ ಪ್ರಶ್ನೆ ನೇರ ಮದುವೆಯದ್ದು :-)

ಬದುಕಿದೆ ಸ್ವಾಮಿ, ಚೆನ್ನಾಗಿಯೇ ಬದುಕಿದೆ. ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳು, ವಿಮಾ ಕಂಪನಿಗಳು ಇವತ್ತಿಗೂ ತಮ್ಮ ಲೆಕ್ಕವನ್ನು ಇದರ ಮೇಲೆಯೇ ಇಟ್ಟಿವೆ. ಆದರೆ ಇವತ್ತು ನಾನು ಬರೆಯಹೊರಟಿರುವುದು ಮೇನ್‌ಫ್ರೇಮಿನ ಗುಣಗಾನವಲ್ಲ. ಅದರ ಹೊಟ್ಟೆಯೊಳಗೆ ಕಳೆದ ಅರವತ್ತು ವರ್ಷಗಳಿಂದ ನಡೆದುಕೊಂಡು ಬಂದಿರುವ ಒಂದು ಜಗಳದ ಬಗ್ಗೆ. ಜಗಳ ಇಷ್ಟೇ: ಪ್ರೊಸೆಸರ್ ಯಾರ ಪಾಲಿಗೆ, ಎಷ್ಟು ಹೊತ್ತು?

ಮೊದಲು ಒಂದು ಒಗಟು. ಒಂದು ಯಂತ್ರದಲ್ಲಿ ಹತ್ತು ಪ್ರೊಸೆಸರ್ ಇವೆ ಎಂದುಕೊಳ್ಳಿ. ಅದರ ಮೇಲೆ ಮೂರು ಆಪರೇಟಿಂಗ್ ಸಿಸ್ಟಂಗಳು ಓಡುತ್ತಿವೆ. ಒಂದೊಂದನ್ನೇ ಕರೆದು 'ನಿನ್ನ ಹತ್ತಿರ ಎಷ್ಟು ಪ್ರೊಸೆಸರ್ ಇವೆ?' ಎಂದು ಕೇಳಿ. ಮೊದಲನೆಯದು ಎಂಟು ಅನ್ನುತ್ತದೆ. ಎರಡನೆಯದು ಆರು. ಮೂರನೆಯದು ನಾಲ್ಕು. ಕೂಡಿಸಿದರೆ ಹದಿನೆಂಟು! ಯಾವುದೂ ಸುಳ್ಳು ಹೇಳುತ್ತಿಲ್ಲ. ಅವುಗಳಿಗೆ ಕಾಣಿಸುತ್ತಿರುವುದು ಲಾಜಿಕಲ್ ಪ್ರೊಸೆಸರ್, ಅಂದರೆ 'ಇದೆ' ಎಂದು ನಂಬಿಸಲ್ಪಟ್ಟ ಪ್ರೊಸೆಸರ್. ನಿಜವಾಗಿ ಇರುವುದು ಹತ್ತೇ. ಈ ನಂಬಿಕೆಯನ್ನು ಕೆಡದ ಹಾಗೆ ಕಾಪಾಡುವ ತಂತ್ರಾಂಶದ ಹೆಸರು ಹೈಪರ್‌ವೈಸರ್.

ಈ ಒಗಟು ಹುಟ್ಟಿದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆರಂಭದ ಕಂಪ್ಯೂಟರುಗಳಲ್ಲಿ ಸರದಿಯ ಸಮಸ್ಯೆಯೇ ಇರಲಿಲ್ಲ. ಒಂದು ಯಂತ್ರ, ಒಂದು ಕೆಲಸ. ಅದು ಮುಗಿದ ಮೇಲೆ ಇನ್ನೊಂದು. ಕಾರ್ಡುಗಳ ಕಟ್ಟನ್ನು ಒಳಗೆ ಹಾಕಿ ಕಾಯಬೇಕು. ತೊಂದರೆ ಏನೆಂದರೆ, ಟೇಪಿನಿಂದ ಒಂದು ದಾಖಲೆ ಓದುವಷ್ಟರಲ್ಲಿ ಪ್ರೊಸೆಸರ್ ಸಾವಿರಾರು ಲೆಕ್ಕ ಮಾಡಿ ಮುಗಿಸಬಹುದಿತ್ತು. ಆದರೆ ಮಾಡಲು ಕೆಲಸವಿಲ್ಲದೆ ಸುಮ್ಮನೆ ಕೂರುತ್ತಿತ್ತು. ಆ ಕಾಲಕ್ಕೆ ಒಂದು ಗಂಟೆಯ ಯಂತ್ರದ ಬೆಲೆ ಕೇಳಿದರೆ ಎದೆ ಒಡೆಯುವಂತಿತ್ತು. ಹಾಗಾಗಿ ಒಂದು ಕೆಲಸ ಟೇಪಿಗೆ ಕಾಯುವಾಗ ಇನ್ನೊಂದನ್ನು ಪ್ರೊಸೆಸರಿಗೆ ಕೊಡುವ ಉಪಾಯ ಬಂತು. 1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ/360 ಸಾಲನ್ನು ಘೋಷಿಸಿತು. ಅದರ ಜತೆ ಬಂದ ಓಎಸ್/360ರ ಒಳಗೆ, ಮುಂದೆ ಓಡಬೇಕಾದ ಕೆಲಸ ಯಾವುದು ಎಂದು ಆರಿಸುವ ಒಂದು ಪುಟ್ಟ ಭಾಗವಿತ್ತು. ಅದೇ ಡಿಸ್ಪ್ಯಾಚರ್. ಇವತ್ತಿಗೂ ಮೇನ್‌ಫ್ರೇಮ್ ಮಂದಿ ಅದೇ ಹೆಸರು ಹೇಳುತ್ತಾರೆ.

ಬೆಂಗಳೂರಿಗೂ ಈ ಸಾಲಿನ ಒಂದು ಯಂತ್ರ ಬಂದಿತ್ತು. 1970ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರದಲ್ಲಿ ಇದ್ದದ್ದು ಐಬಿಎಂ 360ರ 44ನೇ ಮಾದರಿ. ವಿಜ್ಞಾನದ ಲೆಕ್ಕಗಳಿಗೆಂದೇ ಮಾಡಿದ್ದು. ವ್ಯಾಪಾರದ ಲೆಕ್ಕಕ್ಕೆ ಬೇಕಾದ ಕೆಲವು ಸೂಚನೆಗಳನ್ನು ಬಿಟ್ಟು, ದಶಾಂಶ ಬಿಂದುವಿನ ಗುಣಾಕಾರ ಭಾಗಾಕಾರ ಬೇಗ ಆಗುವಂತೆ ಮಾಡಿದ್ದರು. ನಮ್ಮ ಅಪ್ಪನ ವಯಸ್ಸಿನ ಎಷ್ಟೋ ಎಂಜಿನಿಯರುಗಳು ಕಾರ್ಡಿನ ಕಟ್ಟು ಕೊಟ್ಟು ಮರುದಿನ ಉತ್ತರಕ್ಕೆ ಹೋಗುತ್ತಿದ್ದ ಕಾಲ ಅದು. ಒಂದು ಅಲ್ಪವಿರಾಮ ತಪ್ಪಿದರೆ ಇಡೀ ದಿನ ಹೋಯಿತು.

ಅದೇ ಹೊತ್ತಿಗೆ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ಬೇರೆಯದೇ ಕಥೆ ನಡೆದಿತ್ತು. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲೇ ಸಿಟಿಎಸ್ಎಸ್ ಎಂಬ ವ್ಯವಸ್ಥೆ ತೋರಿಸಿದ್ದರು. ಹಲವರು ಒಟ್ಟಿಗೆ ಟೈಪ್‌ರೈಟರಿನಂಥ ಟರ್ಮಿನಲ್ ಮುಂದೆ ಕೂತು ಒಂದೇ ಯಂತ್ರವನ್ನು ಬಳಸಬಹುದಿತ್ತು. ಇದರ ಮುಂದಿನ ಯೋಜನೆಯಾದ ಮಲ್ಟಿಕ್ಸ್‌ಗೆ ಎಂಐಟಿ ಐಬಿಎಂ ಯಂತ್ರವನ್ನು ಬಿಟ್ಟು ಜನರಲ್ ಎಲೆಕ್ಟ್ರಿಕ್ ಯಂತ್ರವನ್ನು ಆರಿಸಿತು. ಐಬಿಎಂಗೆ ಮುಖಭಂಗ. ಅಲ್ಲೇ, ಅದೇ ಪಟ್ಟಣದಲ್ಲಿದ್ದ ಐಬಿಎಂನ ಕೇಂಬ್ರಿಜ್ ವಿಜ್ಞಾನ ಕೇಂದ್ರದ ಒಂದು ಸಣ್ಣ ಗುಂಪು ಸುಮ್ಮನಿರಲಿಲ್ಲ. ರಾಬರ್ಟ್ ಕ್ರೀಸಿ, ಲೆಸ್ ಕೊಮೊ ಮೊದಲಾದವರು ಒಂದು ವಿಚಿತ್ರ ಯೋಚನೆ ಮಾಡಿದರು. ಪ್ರತಿ ಬಳಕೆದಾರನಿಗೂ ಯಂತ್ರದ ಒಂದು ಪಾಲು ಕೊಡುವ ಬದಲು, ಪ್ರತಿಯೊಬ್ಬನಿಗೂ ಒಂದು ಇಡೀ ಯಂತ್ರವೇ ಇದೆ ಎಂಬ ಭ್ರಮೆ ಕೊಟ್ಟರೆ ಹೇಗೆ?

1967ರ ಹೊತ್ತಿಗೆ ಸಿಪಿ-40 ಎಂಬ ಹೆಸರಿನಲ್ಲಿ ಅದು ಓಡತೊಡಗಿತು. ಬೆನ್ನಿಗೇ 360ರ 67ನೇ ಮಾದರಿಗಾಗಿ ಸಿಪಿ-67 ಬಂತು. ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಮೆಮೊರಿ, ತನ್ನದೇ ಡಿಸ್ಕ್, ತನ್ನದೇ ಪ್ರೊಸೆಸರ್. ಎಲ್ಲವೂ ಮಾಯೆ! ಆ ಮಾಯಾ ಯಂತ್ರದ ಮೇಲೆ ಅವನು ಬೇಕಾದ ಆಪರೇಟಿಂಗ್ ಸಿಸ್ಟಂ ಓಡಿಸಬಹುದು. ಇವತ್ತು ನಾವು ಕ್ಲೌಡ್ ಎಂದು ಬಾಡಿಗೆಗೆ ಪಡೆಯುವ ವರ್ಚುವಲ್ ಮಶೀನಿನ ಮುತ್ತಜ್ಜ ಇದೇ. ಐಬಿಎಂನ ದೊಡ್ಡವರಿಗೆ ಇದರ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ, ಆದರೆ ಗ್ರಾಹಕರು ಬಿಡಲಿಲ್ಲ. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಅದು ಅಧಿಕೃತವಾಗಿ ಹೊರಬಂತು.

ಇಲ್ಲಿಂದ ಸಮಸ್ಯೆ ಎರಡು ಪಟ್ಟಾಯಿತು ನೋಡಿ. ಒಳಗಿನ ಆಪರೇಟಿಂಗ್ ಸಿಸ್ಟಂ ತನ್ನ ಕೆಲಸಗಳಿಗೆ ಸರದಿ ಹಚ್ಚುತ್ತದೆ. ಹೊರಗಿನ ಹೈಪರ್‌ವೈಸರ್ ಆ ಆಪರೇಟಿಂಗ್ ಸಿಸ್ಟಮ್ಮುಗಳಿಗೇ ಸರದಿ ಹಚ್ಚುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಯಜಮಾನರು. ಮೇಲಿನವನಿಗೆ ಕೆಳಗಿನವನ ಮನಸ್ಸು ಗೊತ್ತಿಲ್ಲ, ಕೆಳಗಿನವನಿಗೆ ಮೇಲಿನವನು ಇದ್ದಾನೆ ಎಂಬುದೇ ಗೊತ್ತಿಲ್ಲ.

ಆ ಕಾಲದ ಒಂದು ಹೆಸರನ್ನು ಇಲ್ಲಿ ಹೇಳಲೇಬೇಕು: ಲಿನ್ ವೀಲರ್. ಅವರು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಸಿಪಿ-67ರ ಡಿಸ್ಪ್ಯಾಚರನ್ನು ಬಿಚ್ಚಿ ಮತ್ತೆ ಬರೆದರು. ಯಾರು ಈಗಾಗಲೇ ತಮ್ಮ ಪಾಲಿಗಿಂತ ಹೆಚ್ಚು ಉಂಡಿದ್ದಾರೋ ಅವರು ಹಿಂದಕ್ಕೆ, ಯಾರಿಗೆ ಕಡಿಮೆ ಸಿಕ್ಕಿದೆಯೋ ಅವರು ಮುಂದಕ್ಕೆ. ಕೇಳಲು ಸರಳ. ಆದರೆ 'ಪಾಲು' ಎಂಬ ಮಾತು ಪ್ರೊಸೆಸರಿನ ಲೋಕಕ್ಕೆ ಗಟ್ಟಿಯಾಗಿ ಬಂದದ್ದು ಇಂಥ ಕೆಲಸದಿಂದಲೇ. ಮುಂದೆ ಅವರು ಐಬಿಎಂ ಸೇರಿದರು. 1976ರಲ್ಲಿ ಆ ಕೆಲಸ ವಿಎಂ/370ರ ರಿಸೋರ್ಸ್ ಮ್ಯಾನೇಜರ್ ಆಗಿ ಗ್ರಾಹಕರ ಕೈ ಸೇರಿತು.

ಇಷ್ಟೆಲ್ಲ ಅಲ್ಲಿ ನಡೆಯುವಾಗ ಇಲ್ಲಿ ಏನಾಗುತ್ತಿತ್ತು? ಬೇಸರದ ಕಥೆ. ಐಬಿಎಂ ಬೇರೆ ದೇಶಗಳಲ್ಲಿ ಬಳಸಿ ಬಿಟ್ಟ 1401 ಯಂತ್ರಗಳನ್ನು ಮುಂಬಯಿಯ ತನ್ನ ಕಾರ್ಖಾನೆಯಲ್ಲಿ ಸರಿಮಾಡಿ ಭಾರತದ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತಿತ್ತು. 1401 ಎಂದರೆ 1959ರಲ್ಲಿ ಬಂದ ಮಾದರಿ! 1973ರ ವಿದೇಶಿ ವಿನಿಮಯ ಕಾಯಿದೆಯ ಪ್ರಕಾರ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕಿತ್ತು. ಐಬಿಎಂ ಒಪ್ಪಲಿಲ್ಲ. 1977ರಲ್ಲಿ ಜನತಾ ಸರಕಾರ ಬಂದಾಗ ಕೈಗಾರಿಕಾ ಮಂತ್ರಿಯಾದವರು ನಮ್ಮ ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅವರೂ ಜಗ್ಗಲಿಲ್ಲ. 1978ರಲ್ಲಿ ಐಬಿಎಂ ಗಂಟುಮೂಟೆ ಕಟ್ಟಿತು. ಕೋಕಾಕೋಲ ಹೋದದ್ದು ಎಲ್ಲರಿಗೂ ನೆನಪಿದೆ, ಐಬಿಎಂ ಹೋದದ್ದು ಕಂಪ್ಯೂಟರಿನವರಿಗೆ ಮಾತ್ರ. ಉಳಿದ ಐಬಿಎಂ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸರಕಾರಿ ಸಂಸ್ಥೆಯಾಗಿದ್ದ ಸಿಎಂಸಿಯ ಹೆಗಲಿಗೆ ಬಿತ್ತು.

ಇದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅದರಿಂದಾಗಿಯೇ ನಮ್ಮಲ್ಲಿ ಬೇರೆ ಕಂಪನಿಗಳ ಯಂತ್ರಗಳೂ, ಸ್ವಂತ ಕಂಪ್ಯೂಟರ್ ಮಾಡುವ ಧೈರ್ಯವೂ, ಮುಂದೆ ಯುನಿಕ್ಸ್ ಜ್ಞಾನವೂ ಬೆಳೆಯಿತು ಅನ್ನುವವರಿದ್ದಾರೆ. ವಿಜ್ಞಾನ ಸಂಸ್ಥೆಗೂ ನಂತರ ಡೆಕ್-10 ಸಾಲಿನ ಯಂತ್ರ ಬಂತು. 1982ರಲ್ಲಿ ಪ್ರೊ. ವಿ. ರಾಜಾರಾಮನ್ ಕಾನ್ಪುರದಿಂದ ಅಲ್ಲಿಗೆ ಬಂದರು (ಅವರ ಪುಸ್ತಕ ಓದದೆ ಪಾಸಾದ ಎಂಜಿನಿಯರ್ ನಮ್ಮ ಹಿಂದಿನ ತಲೆಮಾರಿನಲ್ಲಿ ಸಿಗುವುದು ಕಷ್ಟ). ಆದರೆ ಒಂದು ಮಾತಂತೂ ನಿಜ. ಮೇನ್‌ಫ್ರೇಮಿನ ಒಳಗಿನ ಸರದಿ ಲೆಕ್ಕ ಪಕ್ವವಾದ ವರ್ಷಗಳಲ್ಲಿ ನಾವು ಆ ಕೋಣೆಯ ಹೊರಗಿದ್ದೆವು. ಮತ್ತೆ ಒಳಗೆ ಹೋದದ್ದು 1980ರ ದಶಕದ ಕೊನೆಗೆ ಟಿಸಿಎಸ್ ಮದರಾಸಿಗೆ ಐಬಿಎಂ 3090 ತರಿಸಿದಾಗ, 1992ರಲ್ಲಿ ಟಾಟಾ ಜತೆ ಸೇರಿ ಐಬಿಎಂ ಮತ್ತೆ ಬೆಂಗಳೂರಿಗೆ ಬಂದಾಗ, ಆಮೇಲೆ ವೈಟುಕೆ ಎಂಬ ಭೂತ ಬಿಡಿಸಲು ಸಾವಿರಾರು ಹುಡುಗರು ಕೋಬಾಲ್ ಕಲಿತಾಗ. ಹಾಗೆ ಹೋದವರು ಹೆಚ್ಚಾಗಿ ಮುಟ್ಟಿದ್ದು ಅಪ್ಲಿಕೇಶನ್ನುಗಳನ್ನು. ಅದರ ಕೆಳಗಿನ ಯಂತ್ರದ ಪಾಲು ಹಂಚುವ ಕೆಲಸ ಬಹುಪಾಲು ಗ್ರಾಹಕನ ದೇಶದಲ್ಲೇ ಉಳಿಯಿತು. ಇದಕ್ಕೆ ಆಮೇಲೆ ಬರುತ್ತೇನೆ.

ಇರಲಿ, ಮತ್ತೆ ಯಂತ್ರಕ್ಕೆ. ಒಂದು ಪ್ರೊಸೆಸರ್ ಸಾಲದಾದಾಗ ಎರಡು ಹಾಕಿದರು. 360ರ 65ನೇ ಮಾದರಿಯಲ್ಲೇ ಎರಡು ಪ್ರೊಸೆಸರುಗಳು ಒಂದೇ ಮೆಮೊರಿ ಹಂಚಿಕೊಳ್ಳುವ ಬಗೆ ಇತ್ತು. 1974ರಲ್ಲಿ ಬಂದ ಎಂವಿಎಸ್, ಆಪರೇಟಿಂಗ್ ಸಿಸ್ಟಮ್ಮಿನ ಒಳಗಿದ್ದ ಒಂದೇ ದೊಡ್ಡ ಬೀಗವನ್ನು ಒಡೆದು ಹಲವು ಸಣ್ಣ ಬೀಗಗಳನ್ನಾಗಿ ಮಾಡಿತು. ಇಬ್ಬರು ಒಟ್ಟಿಗೆ ಒಂದೇ ಪಟ್ಟಿಯನ್ನು ತಿದ್ದದಂತೆ ತಡೆಯುವುದೇ ಬೀಗ. ಈ ಬೀಗವನ್ನು ನೆನಪಿಡಿ, ಮುಂದೆ ಇದೇ ಕೈ ಕೊಡುತ್ತದೆ.

1980ರ ದಶಕದ ಆರಂಭದಲ್ಲಿ 370-ಎಕ್ಸ್ಎ ಜತೆ ಎಸ್ಐಇ ಎಂಬ ಹೊಸ ಸೂಚನೆ ಬಂತು. ಒಂದು ವರ್ಚುವಲ್ ಮಶೀನನ್ನು ಓಡಿಸುವ ಕೆಲಸದ ಬಹುಭಾಗವನ್ನು ತಂತ್ರಾಂಶದ ಬದಲು ಯಂತ್ರವೇ ಮಾಡತೊಡಗಿತು. 360ರ ಮುಖ್ಯ ಶಿಲ್ಪಿಯಾಗಿದ್ದು, ಐಬಿಎಂ ಬಿಟ್ಟು ಸ್ವಂತ ಕಂಪನಿ ಕಟ್ಟಿದ್ದ ಜೀನ್ ಆಮ್ಡಾಲ್ ಅವರ ಕಂಪನಿ, ಒಂದೇ ಯಂತ್ರವನ್ನು ಹಲವು ಭಾಗ ಮಾಡುವ ಸೌಲಭ್ಯವನ್ನು ಯಂತ್ರದೊಳಗೇ ಇಟ್ಟು ಮಾರಿತು. ಐಬಿಎಂ ಅದಕ್ಕೆ ಉತ್ತರ ಕೊಟ್ಟದ್ದು 1988ರಲ್ಲಿ, 3090 ಯಂತ್ರದ ಮೇಲೆ, ಪಿಆರ್/ಎಸ್ಎಂ ಎಂಬ ಹೆಸರಿನಲ್ಲಿ. ಬಾಯಿಮಾತಿನಲ್ಲಿ ಪ್ರಿಸಂ. ಬೆಳಕನ್ನು ಒಡೆಯುವ ಪ್ರಿಸಂ ಹಾಗೆ ಇದು ಯಂತ್ರವನ್ನು ಒಡೆಯುತ್ತದೆ. ಒಡೆದ ಒಂದೊಂದು ತುಂಡಿಗೆ ಎಲ್‌ಪಾರ್ ಎಂದು ಹೆಸರು. 2003ರಲ್ಲಿ ಬಂದ ಝಡ್990ರಿಂದ ಮುಂದೆ ಪ್ರಿಸಂ ಇಲ್ಲದೆ ಯಂತ್ರ ಓಡುವುದೇ ಇಲ್ಲ. ಎಲ್ಲರೂ ಲಾಜಿಕಲ್ ಪ್ರೊಸೆಸರಿನ ಮೇಲೆಯೇ ಬದುಕಬೇಕು.

ಈಗ ಪಾಲಿನ ಲೆಕ್ಕ. ಇದನ್ನು ನಮ್ಮ ಕಡೆಯ ಭಾಷೆಯಲ್ಲಿ ಹೇಳುತ್ತೇನೆ. ಕೊಡಗಿನಲ್ಲಿ ರೊಬಸ್ಟಾ ಕಾಫಿ ಬೆಳೆಯುವವರಿಗೆ ಫೆಬ್ರವರಿ, ಮಾರ್ಚ್ ಬಂತೆಂದರೆ ಕಣ್ಣೆಲ್ಲ ಆಕಾಶದ ಮೇಲೆ. ಹೂಮಳೆ ಬಂದರೆ ಸರಿ, ಬಾರದಿದ್ದರೆ ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆಯಬೇಕು. ನೀರು ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ನೀರು ತಡವಾದರೆ ಆ ವರ್ಷದ ಫಸಲೇ ಹೋಯಿತು. ಆದರೆ ಡೀಸೆಲ್ ಎಂಜಿನ್, ಪೈಪು, ಜೆಟ್ಟು ಎಲ್ಲ ಸೇರಿ ಒಂದು ಸೆಟ್ ಕೊಳ್ಳುವುದು ಸಣ್ಣ ಬೆಳೆಗಾರನಿಗೆ ಭಾರ. ಹಾಗಾಗಿ ಅಕ್ಕಪಕ್ಕದ ಮೂರು ಮನೆಯವರು ಕೂಡಿ ಒಂದು ಸೆಟ್ ಇಟ್ಟುಕೊಳ್ಳುವುದುಂಟು. ಹಾಕಿದ ದುಡ್ಡಿಗೆ ತಕ್ಕಂತೆ ದಿನ. ಹತ್ತು ದಿನದಲ್ಲಿ ಆರು ದಿನ ಒಬ್ಬರಿಗೆ, ಮೂರು ದಿನ ಇನ್ನೊಬ್ಬರಿಗೆ, ಒಂದು ದಿನ ಮತ್ತೊಬ್ಬರಿಗೆ. (ಮೇನ್‌ಫ್ರೇಮಿನವರೂ ಪ್ರೊಸೆಸರನ್ನು 'ಎಂಜಿನ್' ಎಂದೇ ಕರೆಯುತ್ತಾರೆ, ಹಾಗಾಗಿ ಈ ಹೋಲಿಕೆಗೆ ನನ್ನ ಮೇಲೆ ಯಾರೂ ಸಿಟ್ಟಾಗುವಂತಿಲ್ಲ!)

ಪ್ರಿಸಂ ಮಾಡುವುದು ಇದನ್ನೇ. ಪ್ರತಿ ಎಲ್‌ಪಾರಿಗೆ ಒಂದು ವೆಯಿಟ್ ಕೊಡುತ್ತಾರೆ. ನಮ್ಮ ಒಗಟಿನ ಮೂವರಿಗೆ 600, 300, 100 ಎಂದಿರಲಿ. ಹತ್ತು ಪ್ರೊಸೆಸರಿನಲ್ಲಿ ಅವರ ಪಾಲು ಕ್ರಮವಾಗಿ ಆರು, ಮೂರು, ಒಂದು. ಆದರೆ ಮೊದಲನೆಯವನು ಎಂಟು ಲಾಜಿಕಲ್ ಪ್ರೊಸೆಸರ್ ಇಟ್ಟುಕೊಂಡಿದ್ದಾನಲ್ಲ, ಆರನ್ನು ಎಂಟಕ್ಕೆ ಹಂಚಿದರೆ ಒಂದೊಂದಕ್ಕೂ ಶೇಕಡಾ 75. ಎರಡನೆಯವನ ಆರರಲ್ಲಿ ಒಂದೊಂದಕ್ಕೆ ಶೇಕಡಾ 50. ಮೂರನೆಯವನ ನಾಲ್ಕರಲ್ಲಿ ಒಂದೊಂದಕ್ಕೆ ಬರೀ 25. ಒಮ್ಮೆ ಸರದಿ ಬಂದರೆ ಸಿಗುವ ಸಮಯ ಹನ್ನೆರಡೂವರೆಯಿಂದ ಇಪ್ಪತ್ತೈದು ಮಿಲಿಸೆಕೆಂಡ್. ಆಮೇಲೆ ಎದ್ದು ಇನ್ನೊಬ್ಬರಿಗೆ ಜಾಗ ಬಿಡಬೇಕು. ಒಬ್ಬನ ತೋಟದಲ್ಲಿ ಕೆಲಸವಿಲ್ಲದಿದ್ದರೆ ಅವನ ದಿನವನ್ನು ಬೇರೆಯವರು ಬಳಸಬಹುದು. ಎಲ್ಲರಿಗೂ ಒಟ್ಟಿಗೆ ಬೇಕಾದಾಗ ಮಾತ್ರ ವೆಯಿಟ್ ಕಟ್ಟುನಿಟ್ಟು. ಇಲ್ಲ, ಬಿಟ್ಟಿ ದಿನವೂ ಬೇಡ ಎಂದು ಮಿತಿ ಹಾಕಲೂ ಬರುತ್ತದೆ. ಅದಕ್ಕೆ ಕ್ಯಾಪಿಂಗ್ ಅನ್ನುತ್ತಾರೆ.

ಈಗ ಬೀಗದ ಕಥೆ. ಪಂಪ್ ಹೌಸಿನ ಬೀಗದ ಕೈ ಒಬ್ಬನ ಜೇಬಿನಲ್ಲಿದೆ. ಅವನು ಶುಕ್ರವಾರದ ಸಂತೆಗೆ ಮಡಿಕೇರಿಗೆ ಹೋಗಿಬಿಟ್ಟ. ಉಳಿದ ಆಳುಗಳು ಬಾಗಿಲ ಮುಂದೆ ಕಾಯುತ್ತ ನಿಂತಿದ್ದಾರೆ. ಅವರಿಗೆ ಕೂಲಿ ಮಾತ್ರ ಏರುತ್ತಲೇ ಇದೆ. ಹೈಪರ್‌ವೈಸರಿನ ಲೋಕದಲ್ಲಿ ಇದು ದಿನವೂ ನಡೆಯುವ ಪ್ರಸಂಗ. ಒಂದು ಲಾಜಿಕಲ್ ಪ್ರೊಸೆಸರ್ ಬೀಗ ಹಾಕಿಕೊಂಡಿದೆ. ಅದನ್ನು ತೆಗೆಯುವ ಮೊದಲೇ ಅದರ ಸಮಯ ಮುಗಿಯಿತೆಂದು ಹೈಪರ್‌ವೈಸರ್ ಅದನ್ನು ಎಬ್ಬಿಸಿ ಕಳಿಸಿತು. ಅದೇ ಆಪರೇಟಿಂಗ್ ಸಿಸ್ಟಮ್ಮಿನ ಬೇರೆ ಲಾಜಿಕಲ್ ಪ್ರೊಸೆಸರುಗಳು 'ತೆರೆಯಿತಾ? ತೆರೆಯಿತಾ?' ಎಂದು ಗಿರಗಿರ ಸುತ್ತುತ್ತ ತಮ್ಮ ಅಮೂಲ್ಯ ಸರದಿಯನ್ನು ಸುಡುತ್ತವೆ. ಒಬ್ಬ ಯಜಮಾನನಿಗೆ ಇನ್ನೊಬ್ಬನ ಮನಸ್ಸು ಗೊತ್ತಿಲ್ಲ ಅಂದೆನಲ್ಲ, ಅದರ ಫಲ ಇದು.

ಪರಿಹಾರ ಬಂದದ್ದು ಇಬ್ಬರನ್ನೂ ಮಾತಾಡಿಸುವ ಮೂಲಕ. ಡಯಾಗ್ನೋಸ್ 44 ಎಂಬ ಕರೆಯಿಂದ ಆಪರೇಟಿಂಗ್ ಸಿಸ್ಟಂ 'ನಾನು ಸುಮ್ಮನೆ ಕಾಯುತ್ತಿದ್ದೇನೆ, ನನ್ನ ಉಳಿದ ಸಮಯ ಬೇರೆ ಯಾರಿಗಾದರೂ ಕೊಡು' ಎನ್ನುತ್ತದೆ. ಆಮೇಲೆ ಬಂದ ಡಯಾಗ್ನೋಸ್ 9ಸಿ ಇನ್ನೂ ಜಾಣ. 'ಬೀಗದ ಕೈ ಇಂಥವನ ಹತ್ತಿರ ಇದೆ, ಅವನನ್ನೇ ಓಡಿಸು' ಎಂದು ಬೆರಳು ಮಾಡಿ ತೋರಿಸುತ್ತದೆ. ಮಾಯೆಯನ್ನು ಕಾಪಾಡಬೇಕಾದರೆ ಅದು ಮಾಯೆ ಎಂದು ಒಳಗಿನವನಿಗೆ ಸ್ವಲ್ಪ ತಿಳಿದಿರಬೇಕು! ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾದ ತಿರುವು ಇದು.

ಇನ್ನೊಂದು ತಿರುವು 1994ರದ್ದು. ಅಲ್ಲಿಯ ತನಕ ಯಾವ ಕೆಲಸಕ್ಕೆ ಎಷ್ಟು ಆದ್ಯತೆ ಎಂದು ಮನುಷ್ಯರೇ ಅಂಕಿ ಬರೆದು ಕೊಡಬೇಕಿತ್ತು. ಎಂವಿಎಸ್/ಇಎಸ್ಎ 5.1ರ ಜತೆ ಬಂದ ವರ್ಕ್‌ಲೋಡ್ ಮ್ಯಾನೇಜರ್ ಕೇಳಿದ್ದು ಬೇರೆ. 'ಆದ್ಯತೆ ಹೇಳಬೇಡಿ, ನಿಮಗೆ ಬೇಕಾದ ಫಲ ಹೇಳಿ.' ಉದಾಹರಣೆಗೆ, ಎಟಿಎಂ ವಹಿವಾಟುಗಳಲ್ಲಿ ಶೇಕಡಾ 90 ಅರ್ಧ ಸೆಕೆಂಡಿನೊಳಗೆ ಮುಗಿಯಬೇಕು, ಇದರ ಮಹತ್ವ 1. ರಾತ್ರಿಯ ವರದಿ ಆದಷ್ಟು ಬೇಗ, ಮಹತ್ವ 4. ಯಾರು ಗುರಿ ತಪ್ಪುತ್ತಿದ್ದಾರೆ ಎಂದು ನೋಡುತ್ತ ಅದು ತಾನೇ ಆದ್ಯತೆ ಬದಲಿಸುತ್ತಾ ಹೋಗುತ್ತದೆ. 2000ದಲ್ಲಿ ಝಡ್900 ಬಂದಾಗ ಇದು ಎಲ್‌ಪಾರಿನ ಗೋಡೆ ದಾಟಿತು. ಒಂದೇ ಯಂತ್ರದಲ್ಲಿ, ಒಂದೇ ಗುಂಪಿಗೆ ಸೇರಿದ ಎಲ್‌ಪಾರುಗಳ ನಡುವೆ ವೆಯಿಟನ್ನೇ ಆಚೀಚೆ ಮಾಡುವ ಅಧಿಕಾರ ಅದಕ್ಕೆ ಸಿಕ್ಕಿತು. ಒಂದೇ ಒಕ್ಕಲಿನ ಅಣ್ಣತಮ್ಮಂದಿರು ತಮ್ಮ ದಿನಗಳನ್ನು ತಮ್ಮೊಳಗೆ ಬದಲಿಸಿಕೊಂಡ ಹಾಗೆ. ಪಕ್ಕದ ಮನೆಯವರ ದಿನಕ್ಕೆ ಕೈ ಹಾಕುವಂತಿಲ್ಲ.

ಇಷ್ಟಾದರೂ ಒಂದು ಕಾಣದ ಖರ್ಚು ಬೆಳೆಯುತ್ತಲೇ ಇತ್ತು. ಸ್ಪ್ರಿಂಕ್ಲರಿನಲ್ಲಿ ಅದೇನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ಪೈಪು ಹೊರುವುದು. ಎಂಜಿನ್ ಒಂದು ತೋಟದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಪೈಪು ಬಿಚ್ಚಿ, ಹೊತ್ತು, ಮತ್ತೆ ಜೋಡಿಸಬೇಕು. ಗಂಟೆಗಟ್ಟಲೆ ಹೋಗುತ್ತದೆ, ಒಂದು ಹನಿ ನೀರೂ ಬೀಳುವುದಿಲ್ಲ. ಪ್ರೊಸೆಸರಿನಲ್ಲಿ ಪೈಪಿನ ಜಾಗದಲ್ಲಿರುವುದು ಕ್ಯಾಶ್, ಅಂದರೆ ಕೈಗೆ ಎಟುಕುವ ಹತ್ತಿರದ ಮೆಮೊರಿ. ಒಂದು ಲಾಜಿಕಲ್ ಪ್ರೊಸೆಸರ್ ಈ ಸಲ ಇಲ್ಲಿ, ಮುಂದಿನ ಸಲ ಅಲ್ಲಿ ಓಡಿದರೆ ಅದರ ಸಾಮಾನೆಲ್ಲ ಹಳೆಯ ಜಾಗದ ಕ್ಯಾಶಿನಲ್ಲೇ ಉಳಿದಿರುತ್ತದೆ. ಮತ್ತೆ ದೂರದ ಮೆಮೊರಿಯಿಂದ ಹೊರಬೇಕು. ಪ್ರೊಸೆಸರ್ ನಿಧಾನವಾಗಿದ್ದಾಗ ಇದು ಅಷ್ಟಾಗಿ ನೋಯುತ್ತಿರಲಿಲ್ಲ. ಆದರೆ ಝಡ್9ರಲ್ಲಿ 1.7 ಗಿಗಾಹರ್ಟ್ಸ್ ಇದ್ದ ವೇಗ 2008ರ ಝಡ್10ರಲ್ಲಿ ಒಮ್ಮೆಲೇ 4.4ಕ್ಕೆ ಜಿಗಿಯಿತು. ಮೆಮೊರಿ ಮಾತ್ರ ಅಷ್ಟು ವೇಗವಾಗಲಿಲ್ಲ. ಎಂಜಿನ್ ದೊಡ್ಡದಾದಷ್ಟೂ ಪೈಪು ಹೊರುವ ಹೊತ್ತು ದುಬಾರಿ ಎನಿಸುವುದು ಸಹಜ ತಾನೆ?

ಅದಕ್ಕೇ ಝಡ್10 ಜತೆ ಹೈಪರ್‌ಡಿಸ್ಪ್ಯಾಚ್ ಬಂತು. ಹೆಸರಿಗೆ ತಕ್ಕ ಹಾಗೆ ಹೈಪರ್‌ವೈಸರ್ ಮತ್ತು ಡಿಸ್ಪ್ಯಾಚರ್ ಕೈ ಕುಲುಕಿದ ಒಪ್ಪಂದ. ಹಿಂದೆ ಎಲ್ಲ ಲಾಜಿಕಲ್ ಪ್ರೊಸೆಸರಿಗೂ ಸಮನಾಗಿ ತೆಳ್ಳಗೆ ಹರಡುತ್ತಿದ್ದ ಪಾಲನ್ನು ಈಗ ಕೆಲವದರ ಮೇಲೆ ಗಟ್ಟಿಯಾಗಿ ಪೇರಿಸಿದರು. ಉದಾಹರಣೆಗೆ ಒಂದು ಎಲ್‌ಪಾರಿನ ಪಾಲು 3.2 ಪ್ರೊಸೆಸರ್. ಹೈ ಎಂಬ ದರ್ಜೆಯ ಎರಡಕ್ಕೆ ಪೂರ್ತಿ ನೂರು ಶೇಕಡಾ. ಇವು ಹೆಚ್ಚುಕಡಿಮೆ ಒಂದೇ ನಿಜ ಪ್ರೊಸೆಸರಿಗೆ ಅಂಟಿಕೊಂಡಿರುತ್ತವೆ. ಉಳಿದ 1.2 ಪಾಲನ್ನು ಮೀಡಿಯಂ ದರ್ಜೆಯ ಎರಡಕ್ಕೆ ಶೇಕಡಾ 60ರಂತೆ ಹಂಚುತ್ತಾರೆ. ಮೂರು ಹೈ, ಮಿಕ್ಕ 0.2ಕ್ಕೆ ಒಂದು ಮೀಡಿಯಂ ಎಂದು ಯಾಕಿಲ್ಲ ಅಂದರೆ, ಶೇಕಡಾ 20 ಸಿಗುವ ಪ್ರೊಸೆಸರಿನ ಪಾಡು ನಮ್ಮ ಮೂರನೆಯವನ ಪಾಡೇ. ಅದಕ್ಕೆ ಮೀಡಿಯಂಗೆ ಕನಿಷ್ಠ ಅರ್ಧ ಇರಲೇಬೇಕೆಂಬ ನಿಯಮ. ಇನ್ನುಳಿದ ಲಾಜಿಕಲ್ ಪ್ರೊಸೆಸರುಗಳೆಲ್ಲ ಲೋ. ಅವುಗಳಿಗೆ ಸ್ವಂತ ಪಾಲು ಸೊನ್ನೆ. ಬೇರೆಯವರು ಬಿಟ್ಟದ್ದು ಇದ್ದರೆ ಎಚ್ಚರವಾಗುತ್ತವೆ, ಇಲ್ಲದಿದ್ದರೆ ಆಪರೇಟಿಂಗ್ ಸಿಸ್ಟಂ ಅವುಗಳನ್ನು ಪಾರ್ಕ್ ಮಾಡಿ ಇಡುತ್ತದೆ. 2013ರಲ್ಲಿ ಝಡ್/ವಿಎಂ 6.3 ಕೂಡ ಇದೇ ದಾರಿ ಹಿಡಿಯಿತು. 2015ರ ಝಡ್13ರಲ್ಲಿ ಲಿನಕ್ಸ್ ಓಡಿಸುವ ಮತ್ತು ಝಿಪ್ ಎಂಬ ವಿಶೇಷ ಪ್ರೊಸೆಸರುಗಳಿಗೆ, ಒಂದೇ ಕೋರಿನಲ್ಲಿ ಎರಡು ಎಳೆ ಓಡಿಸುವ ಸೌಲಭ್ಯ ಬಂತು. ಹಾಗಾಗಿ ಈಗ ಹಂಚುವುದು ಪ್ರೊಸೆಸರನ್ನೋ, ಕೋರನ್ನೋ, ಅದರೊಳಗಿನ ಎಳೆಯನ್ನೋ ಎಂಬ ಹೊಸ ಜಗಳ!

'ಇದೆಲ್ಲ ತಿಳಿದು ಏನಾಗಬೇಕು ಮಾರಾಯ?' ಎಂದು ಕೇಳುವವರಿಗೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ಕಂಪನಿಯ ಹೆಸರು ಬೇಡ. ತಿಂಗಳ ಕೊನೆ. ರಾತ್ರಿಯ ಬ್ಯಾಚ್ ಕೆಲಸ ಬೆಳಗ್ಗೆಯೊಳಗೆ ಮುಗಿಯಲೇಬೇಕು, ಅದರಲ್ಲಿ ಸಾವಿರಾರು ಜನರ ಸಂಬಳವಿದೆ. ಮುಗಿಯುವ ಲಕ್ಷಣ ಕಾಣಲಿಲ್ಲ. ಆಪರೇಟಿಂಗ್ ಸಿಸ್ಟಂ ತಾನು ನೂರು ಶೇಕಡಾ ದುಡಿಯುತ್ತಿದ್ದೇನೆ ಅನ್ನುತ್ತಿತ್ತು. ಮೇಲಿನವರು ಫೋನಿನಲ್ಲಿ 'ಇನ್ನೂ ನಾಲ್ಕು ಲಾಜಿಕಲ್ ಪ್ರೊಸೆಸರ್ ಸೇರಿಸಿ' ಎಂದರು. ಸೇರಿಸಿದರು. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ವೆಯಿಟ್ ಬದಲಾಗಿಲ್ಲ, ಯಂತ್ರ ತುಂಬಿ ತುಳುಕುತ್ತಿದೆ. ಹೊಸ ನಾಲ್ಕೂ ಲೋ ದರ್ಜೆಗೆ ಹೋಗಿ ಪಾರ್ಕಾಗಿ ಕೂತವು. ತೋಟದಲ್ಲಿ ನಾಲ್ಕು ಹೊಸ ಜೆಟ್ ನೆಟ್ಟರೆ ಎಂಜಿನ್ ಹೆಚ್ಚು ದಿನ ಬರುತ್ತದೆಯೇ?

ಆಗ ಬಂದವರು ನಮ್ಮ ತಂಡದ ಹಿರಿಯರೊಬ್ಬರು. ಅವರು ಆರ್‌ಎಂಎಫ್ ವರದಿಯಲ್ಲಿ ಪಕ್ಕಪಕ್ಕ ಇರುವ ಎರಡು ಅಂಕಿ ನೋಡಿದರು. ಒಂದು ಎಂವಿಎಸ್ ಬಿಸಿ, ಇನ್ನೊಂದು ಎಲ್‌ಪಾರ್ ಬಿಸಿ. ಮೊದಲನೆಯದು ಒಳಗಿನವನ ದೂರು: 'ನನಗೆ ಪುರುಸೊತ್ತೇ ಇಲ್ಲ.' ಎರಡನೆಯದು ಹೊರಗಿನವನ ಲೆಕ್ಕ: 'ನಿನಗೆ ನಾನು ನಿಜವಾಗಿ ಕೊಟ್ಟದ್ದು ಇಷ್ಟು.' ಮೊದಲನೆಯದು ನೂರು, ಎರಡನೆಯದು ಅದಕ್ಕಿಂತ ಎಷ್ಟೋ ಕೆಳಗೆ. ಎರಡರ ನಡುವಿನ ಅಂತರವೇ ರೋಗ. ಕೆಲಸ ಇದೆ, ಎಂಜಿನ್ ಬೇರೆ ಕಡೆ ಇದೆ. ಎಲ್ಲಿ? ಪಕ್ಕದ ಟೆಸ್ಟ್ ಎಲ್‌ಪಾರಿಗೆ ಯಾವುದೋ ಕಾಲದಲ್ಲಿ ಕೊಟ್ಟ ದೊಡ್ಡ ವೆಯಿಟ್ ಹಾಗೆಯೇ ಉಳಿದಿತ್ತು, ಅಲ್ಲಿ ಯಾರೋ ಪರೀಕ್ಷೆ ಓಡಿಸಿ ಮನೆಗೆ ಹೋಗಿದ್ದರು. ಅನುಮತಿ ಪಡೆದು ಎರಡು ವೆಯಿಟ್ ಬದಲಿಸಿದರು. ಯಂತ್ರ ನಿಲ್ಲಿಸಬೇಕಿಲ್ಲ, ಹೊಸ ಯಂತ್ರ ಕೊಳ್ಳಬೇಕಿಲ್ಲ. ಬೆಳಗಿನೊಳಗೆ ಕೆಲಸ ಮುಗಿಯಿತು. ಆ ತಿಂಗಳು ಸಂಬಳ ಪಡೆದ ಯಾರಿಗೂ ಇದು ಗೊತ್ತಿಲ್ಲ.

ಆ ಹಿರಿಯರು ಈಗ ನಿವೃತ್ತರು. ಮೊದಲೇ ಹೇಳಿದೆನಲ್ಲ, ನಮ್ಮಲ್ಲಿ ಕೋಬಾಲ್ ಗೊತ್ತಿರುವವರು ಬೇಕಾದಷ್ಟು, ಪಾಲಿನ ಲೆಕ್ಕ ಗೊತ್ತಿರುವವರು ಕಡಿಮೆ. ಈ ವಿದ್ಯೆ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ. ದಪ್ಪ ದಪ್ಪ ಮ್ಯಾನುಯಲ್ಲುಗಳಲ್ಲಿ ಇದೆ, ಮತ್ತೆ ಇಂಥವರ ತಲೆಯಲ್ಲಿ ಇದೆ. ಹುಡುಗರಿಗೆ ಮೇನ್‌ಫ್ರೇಮ್ ಪ್ರಾಜೆಕ್ಟ್ ಸಿಕ್ಕಿದರೆ ಮುಖ ಸಣ್ಣದಾಗುತ್ತದೆ, 'ಹಳೇ ಕಾಲದ್ದು' ಎಂದು ಓಡಲು ನೋಡುತ್ತಾರೆ. ಎಲ್ಲಿಗೆ ಓಡುವುದು? ಕ್ಲೌಡಿಗೆ. ಅಲ್ಲೂ ಇದೇ ಕಾದಿರುತ್ತದೆ. ಬಾಡಿಗೆಗೆ ತೆಗೆದುಕೊಂಡ ಲಿನಕ್ಸ್ ಯಂತ್ರದಲ್ಲಿ ಟಾಪ್ ಕಮಾಂಡ್ ಹೊಡೆದು ನೋಡಿ, ಮೇಲಿನ ಸಾಲಿನ ಕೊನೆಗೆ 'ಎಸ್‌ಟಿ' ಎಂಬ ಒಂದು ಅಂಕಿ ಇದೆ. ಸ್ಟೀಲ್, ಅಂದರೆ ಕಳವು. ನಿಮಗೆ ಓಡಬೇಕೆಂದಿದ್ದಾಗ ಹೈಪರ್‌ವೈಸರ್ ಬೇರೆಯವರಿಗೆ ಕೊಟ್ಟ ಸಮಯ. ಎಂವಿಎಸ್ ಬಿಸಿ, ಎಲ್‌ಪಾರ್ ಬಿಸಿಯ ಅದೇ ಹಳೆಯ ಅಂತರ, ಹೊಸ ಅಂಗಿ ತೊಟ್ಟು ಬಂದಿದೆ.

ಸಿಪಿ-67 ಬರೆದವರಿಗೆ ಒಂದು ಯಂತ್ರವನ್ನು ಹಲವರಿಗೆ ಹಂಚುವುದೇ ಗುರಿಯಾಗಿತ್ತು. ಅರವತ್ತು ವರ್ಷದ ಅನುಭವ ಹೇಳುವುದು, ಹಂಚುವುದು ಸುಲಭ, ಹಂಚಿದ್ದು ಎಷ್ಟು ಎಂದು ಪಡೆದವನಿಗೆ ಸರಿಯಾಗಿ ತಿಳಿಸುವುದು ಕಷ್ಟ. ಪರದೆಯ ಮೇಲೆ ಎಂಟು ಪ್ರೊಸೆಸರ್ ಕಂಡರೆ ಎಂಟೂ ನಿಮ್ಮದೆಂದು ನಂಬಬೇಡಿ. ವೆಯಿಟ್ ಎಷ್ಟು, ಪಕ್ಕದ ತೋಟದಲ್ಲಿ ಏನು ನಡೆದಿದೆ, ಬೀಗದ ಕೈ ಯಾರ ಜೇಬಿನಲ್ಲಿದೆ ಎಂದು ಕೇಳಿ.

ನಿಮ್ಮಲ್ಲಿ ಯಾರಾದರೂ ವಿಜ್ಞಾನ ಸಂಸ್ಥೆಯ ಆ 360/44ಕ್ಕೆ ಕಾರ್ಡ್ ಕಟ್ಟು ಕೊಟ್ಟವರಿದ್ದರೆ, ಅಥವಾ 1401ರ ಜತೆ ಗುದ್ದಾಡಿದವರಿದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ನೆನಪು ಕನ್ನಡದಲ್ಲಿ ಒಂದೆಡೆ ಇರಲಿ. ಝಡ್/ವಿಎಂ ಬಗ್ಗೆ ಇನ್ನೂ ಹೇಳುವುದು ಬಹಳ ಉಳಿದಿದೆ, ಮುಂದೊಮ್ಮೆ ಪುರುಸೊತ್ತಾದಾಗ.